ಸಂಜೆಯವರೆಗೆ ಅಳುವಂತಿಲ್ಲ

ಬೆಕ್ಕು ಆಗಲೇ ಮೂರು ಮೆಟ್ಟಿಲು ಹತ್ತಿತ್ತು. ಥೋವಾ ಕೈಯಲ್ಲಿದ್ದ ಅಂಟಿನ ಕುಂಚವನ್ನು ಬಿಸಾಕಿ ಓಡಿದಳು. ಅದು ನಾಲ್ಕನೆಯದಕ್ಕೆ ಹಾರುವಷ್ಟರಲ್ಲಿ ಕತ್ತಿನ ತೊಗಲು ಹಿಡಿದು ಎತ್ತಿದಳು. ಬೆಕ್ಕು ಗಾಳಿಯಲ್ಲಿ ಕಾಲು ಬಡಿಯುತ್ತ ಅವಳ ಮುಂಗೈಯನ್ನು ಉದ್ದಕ್ಕೆ ಗೀರಿತು. ಮೇಜಿನ ಸುತ್ತ ಕೂತು ಗೂಡುದೀಪ ಮಾಡಲು ಕಲಿಯುತ್ತಿದ್ದ ಮೂವರು ಪ್ರವಾಸಿಗರು ಹೋ ಎಂದು ನಕ್ಕರು. ಎತ್ತರದ ಗಂಡಸು ಫೋನು ತೆಗೆದು ಫೋಟೋ ಕೂಡ ಹೊಡೆದ.

"ತುಂಟ ಬೆಕ್ಕು," ಎಂದು ಥೋವಾ ತನಗೆ ಬರುವಷ್ಟು ಅವರ ಭಾಷೆಯಲ್ಲಿ ಹೇಳಿ ತಾನೂ ನಕ್ಕಳು. ನಗು ಬಂದದ್ದು ಅವಳಿಗೇ ಆಶ್ಚರ್ಯ. ಒಳಗೆ ಹೋಗಿ, ಕೋಳಿ ಮುಚ್ಚುವ ಬಿದಿರಿನ ಬುಟ್ಟಿಯಡಿ ಬೆಕ್ಕನ್ನು ಕವುಚಿ, ಮೇಲೆ ಒರಳುಕಲ್ಲು ಹೇರಿದಳು. ಗೀರಿನಿಂದ ಒಸರುತ್ತಿದ್ದ ರಕ್ತವನ್ನು ಬಾಯಲ್ಲಿ ಹೀರಿಕೊಂಡು ಮತ್ತೆ ಹೊರಗೆ ಬಂದಳು.

ಮೇಲೆ ಅತ್ತೆ ಸತ್ತು ಮಲಗಿದ್ದಳು.

ಬೆಳಿಗ್ಗೆ ಗಂಜಿ ಒಯ್ದಾಗ ಮುದುಕಿ ಎಂದಿನಂತೆ ಗೋಡೆಗೆ ಮುಖ ಮಾಡಿದ್ದಳು. ಹೆಗಲು ಹಿಡಿದು ತಿರುಗಿಸಿದರೆ ಮೈ ಒಂದೇ ತುಂಡಾಗಿ ತಿರುಗಿತು. ಥೋವಾ ಕೂಗಲೆಂದು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಕೆಳಗೆ ಬಾಗಿಲಲ್ಲಿ ಪ್ರವಾಸಿಗರ ದನಿ ಕೇಳಿತು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು. ಅಳುವಿನ ಜಾಗಕ್ಕೆ ಒಂದು ಯೋಚನೆ ಬಂದು ಕೂತಿತು. ಅತ್ತರೆ ಮಗಳ ಮದುವೆ ಹೋಯಿತು.

ಲಾಯ್‌ಳ ಮದುವೆ ಮುಂದಿನ ಹುಣ್ಣಿಮೆ ಕಳೆದ ಮೇಲೆ ಎಂದು ನಿಶ್ಚಯವಾಗಿತ್ತು. ಮನೆಗೆ ಸೂತಕ ಕೂತರೆ ವರ್ಷ ಕಳೆಯುವವರೆಗೆ ಆ ಮಾತೇ ಎತ್ತುವಂತಿಲ್ಲ. ಲಾಯ್‌ಳ ಹೊಟ್ಟೆಯಲ್ಲಿದ್ದದ್ದು ವರ್ಷ ಕಾಯುವಂಥದ್ದಾಗಿರಲಿಲ್ಲ. ಅದನ್ನು ಮೊದಲು ಗುರುತು ಹಿಡಿದವಳು ಮುದುಕಿಯೇ. ಮೀನಿನ ರಸದ ವಾಸನೆಗೆ ಮೊಮ್ಮಗಳು ಬಚ್ಚಲಿಗೆ ಓಡಿದ್ದನ್ನು ಹಾಸಿಗೆಯಿಂದಲೇ ಕೇಳಿಸಿಕೊಂಡು, ಸೊಸೆಯನ್ನು ಹತ್ತಿರ ಕರೆದು, "ನಿನ್ನ ಮಗಳು ಆತುರಗಾರ್ತಿ ಕಣೇ, ನಿನ್ನ ಹಾಗೆ," ಎಂದು ಕಿವಿಯಲ್ಲಿ ಹೇಳಿ ಹಲ್ಲಿಲ್ಲದ ಬಾಯಲ್ಲಿ ನಕ್ಕಿದ್ದಳು.

ದಾರಿ ಒಂದೇ ಇತ್ತು. ಸಾವು ಸಾರುವ ಮೊದಲೇ, ಸೂತಕದಿಂದ ಓಡಿದಂತೆ, ಮದುವೆ ಮುಗಿಸಿಬಿಡುವುದು. ಹೋಯ್ ಆನ್ ಊರಿಗೆ ಅದು ಹೊಸದೇನಲ್ಲ. ಮೇಲೆ ಹೆಣಕ್ಕೆ ಹೊದಿಕೆ ಹೊದೆಸಿಟ್ಟು, ಕೆಳಗೆ ತೀರಿಹೋದ ಹಿರಿಯರನ್ನು ಪೂಜಿಸುವ ಪೀಠದ ಮುಂದೆ ಹುಡುಗ ಹುಡುಗಿಯಿಂದ ನಮಸ್ಕಾರ ಮಾಡಿಸಿ, ಬೀಗರು ಹೊಸ್ತಿಲು ದಾಟಿದ ಮೇಲೆ ಬಾಯಿಬಿಟ್ಟು ಅತ್ತ ಮನೆಗಳು ಈ ಬೀದಿಯಲ್ಲೇ ಇದ್ದವು. ಉಸಿರು ನಿಂತ ಮಾತ್ರಕ್ಕೆ ಸಾವು ಸಾವಾಗುವುದಿಲ್ಲ. ಮನೆಯಿಂದ ಅಳು ಕೇಳಬೇಕು, ಮಗ ತಲೆಗೆ ಬಿಳಿ ಬಟ್ಟೆ ಸುತ್ತಬೇಕು. ಅಲ್ಲಿಯವರೆಗೆ ಮುದುಕಿ ಬದುಕಿದ ಹಾಗೇ.

ಪಾಠ ರದ್ದು ಮಾಡಿ ಪ್ರವಾಸಿಗರನ್ನು ಕಳಿಸಿಬಿಡಬಹುದಿತ್ತು. ಆದರೆ ಹಗಲು ಹೊತ್ತು ಬಾಗಿಲು ಮುಚ್ಚಿದ ಮನೆಯನ್ನು ಈ ಬೀದಿ ಸುಮ್ಮನೆ ಬಿಡುವುದಿಲ್ಲ. ಹಾಗಾಗಿ ಥೋವಾ ಮೂವರನ್ನೂ ಕೂರಿಸಿ, ಬಿದಿರಿನ ಕಡ್ಡಿ ಕಟ್ಟಿದ ಗೂಡುಗಳನ್ನು ಮುಂದಿಟ್ಟು, ದಿನವೂ ಹೇಳುವುದನ್ನೇ ಹೇಳತೊಡಗಿದ್ದಳು: ಬಿದಿರನ್ನು ಉಪ್ಪುನೀರಲ್ಲಿ ಕುದಿಸುತ್ತೇವೆ, ಹುಳ ಹಿಡಿಯಬಾರದು, ಅಂಟು ತೆಳ್ಳಗೆ ಇರಲಿ, ರೇಷ್ಮೆಯನ್ನು ಎಳೆಯಿರಿ, ಹೆದರಬೇಡಿ, ಹರಿಯುವುದಿಲ್ಲ.

"ಎಳೀರಿ. ಇನ್ನೂ ಎಳೀರಿ. ಹಾಂ, ಚೆಂದ."

ಎತ್ತರದ ಗಂಡಸು ಕೆಂಪು ಬಟ್ಟೆ ಆರಿಸಿಕೊಂಡಿದ್ದ, ಅವನ ಹೆಂಡತಿ ನೀಲಿ. ಒಬ್ಬಳೇ ಬಂದಿದ್ದ ವಯಸ್ಸಾದ ಹೆಂಗಸೊಬ್ಬಳು ಇನ್ನೂ ಬಣ್ಣಗಳ ನಡುವೆ ಬೆರಳಾಡಿಸುತ್ತಿದ್ದಳು. ಕೊನೆಗೆ ತಲೆಯೆತ್ತಿ, "ಬಿಳಿ ಇಲ್ಲವೇ?" ಎಂದಳು.

"ಬಿಳಿ ಮುಗಿದಿದೆ," ಎಂದಳು ಥೋವಾ.

"ಅಗೋ, ಅಲ್ಲಿದೆಯಲ್ಲ." ಹೆಂಗಸು ಗಾಜಿನ ಕಪಾಟಿನ ಕೆಳಗಿನ ಅರೆಯತ್ತ ಬೆರಳು ತೋರಿಸಿದಳು. "ನಮ್ಮ ಮನೆಯ ಗೋಡೆಗೆ ಬಿಳಿಯೇ ಒಪ್ಪುತ್ತದೆ."

ಸಾವಿನ ಮನೆಯವರು ಹೇಳಿ ಮಾಡಿಸಿಕೊಳ್ಳುವ ಬಟ್ಟೆ ಅದು. ಬೇರೆ ದಿನವಾಗಿದ್ದರೆ ಥೋವಾ ನಕ್ಕು, ಹಳದಿ ಮುಂದಿಟ್ಟು, ಹೇಗೋ ಮಾತು ಮರೆಸುತ್ತಿದ್ದಳು. ಇವತ್ತು ವಾದಕ್ಕೆ ಹೊತ್ತಿರಲಿಲ್ಲ. ಕೊಟ್ಟುಬಿಟ್ಟಳು. ಆ ಹೆಂಗಸಿನ ಕೈ ಚುರುಕಾಗಿತ್ತು. ಉಳಿದಿಬ್ಬರು ಎರಡನೆಯ ಪಟ್ಟಿ ಅಂಟಿಸುವುದರೊಳಗೆ ಇವಳದ್ದು ಮುಗಿಯುತ್ತ ಬಂದಿತ್ತು.

ಮೇಲಿನಿಂದ ಒಂದು ಸದ್ದು ಬಂತು. ಮೂಗು ಎಳೆದ ಸದ್ದು, ಅದರ ಹಿಂದೆಯೇ ಒಂದು ಬಿಕ್ಕು.

ನೆರೆ ಬಂದಾಗ ಸಾಮಾನು ಮೇಲೆತ್ತಲೆಂದು ಅಟ್ಟದಲ್ಲಿ ಬಿಟ್ಟ ಚೌಕದ ಕಿಂಡಿ ಸರಿಯಾಗಿ ಮೇಜಿನ ನೆತ್ತಿಯ ಮೇಲೇ ಇತ್ತು. ಅದಕ್ಕೆ ಮರದ ಜಾಲರಿ ಮಾತ್ರ. ಎತ್ತರದ ಗಂಡಸು ಕತ್ತೆತ್ತಿ ನೋಡಿದ. "ಯಜಮಾನರಿಗೆ ನೆಗಡಿ," ಎಂದು ಥೋವಾ ಮೆಟ್ಟಿಲು ಹತ್ತಿದಳು.

ಗಂಡ ಖಾಂಗ್ ತಾಯಿಯ ಕಾಲ ಬಳಿ ಕೂತಿದ್ದ. ಅಷ್ಟರಲ್ಲಿ ಅವನೇ ಅವಳ ಮುಖ ಒರೆಸಿ, ಬಾಯಿಗೆ ಅಕ್ಕಿಕಾಳು ಹಾಕಿ, ತಲೆದೆಸೆಗೆ ಅನ್ನದ ಬಟ್ಟಲಿಟ್ಟು, ಮೇಲೊಂದು ಬೇಯಿಸಿದ ಮೊಟ್ಟೆ ಇಟ್ಟು, ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿದ್ದ. ಊದುಬತ್ತಿಯೊಂದನ್ನು ಹಚ್ಚಲೋ ಬೇಡವೋ ಎಂದು ಬೆರಳಲ್ಲಿ ಹೊರಳಿಸುತ್ತಿದ್ದ. ಥೋವಾ ಅದನ್ನು ಕಿತ್ತುಕೊಂಡಳು.

"ನೀವಿನ್ನೂ ಇಲ್ಲೇ ಕೂತಿದೀರಾ? ಬೀಗರ ಮನೆಗೆ ಹೋಗಿ ಅಂದಿದ್ದೆ."

"ನಮ್ಮವ್ವ ಕಣೇ ಇವಳು."

"ಗೊತ್ತು. ಮೆಲ್ಲಗೆ ಮಾತಾಡಿ. ಸಂಜೆವರೆಗೆ ನಿಮ್ಮವ್ವ ಸತ್ತಿಲ್ಲ."

"ಒಬ್ಬಳನ್ನೇ ಬಿಟ್ಟು ಹೆಂಗೆ ಹೋಗ್ಲಿ? ಯಾರಾದ್ರೂ ಪಕ್ಕದಲ್ಲಿ ಇರ್ಬೇಕಲ್ವಾ?"

"ನಾನು ಕೆಳಗಿರ್ತೀನಲ್ಲ. ಬೆಕ್ಕನ್ನ ಮುಚ್ಚಿ ಹಾಕಿದೀನಿ. ಹೋಗಿ ಇಷ್ಟೇ ಹೇಳಿ: ಅವ್ವಂಗೆ ಉಸಿರು ಮೇಲೆ ಕೆಳಗೆ ಆಗ್ತಿದೆ, ಕಣ್ಣು ಮುಚ್ಚೋಕೆ ಮುಂಚೆ ಮೊಮ್ಮಗಳ ಮದುವೆ ನೋಡ್ಬೇಕಂತೆ, ಇವತ್ತೇ ವೀಳ್ಯದ ತಟ್ಟೆ ತನ್ನಿ ಅಂತ. ಬೇರೆ ಒಂದಕ್ಷರ ಬಾಯಿಬಿಡಬೇಡಿ."

"ಸೆನ್ ಅಕ್ಕಂಗೆ ಸುಳ್ಳು ಹೇಳೋದಾ? ನನ್ನ ಮುಖದಲ್ಲೇ ಕಾಣುತ್ತೆ."

"ಹೆಲ್ಮೆಟ್ ತೆಗೀಬೇಡಿ."

ಅವನು ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ತಾಯಿಯ ಹೊದಿಕೆಯ ಅಂಚು ಸರಿಪಡಿಸಿ ಎದ್ದ.

ಸೆನ್ ಅಂದರೆ ಹುಡುಗನ ತಾಯಿ. ನದಿಯ ದಡದಲ್ಲಿ ಪ್ರವಾಸಿಗರಿಗೆ ಅಡುಗೆ ಕಲಿಸುವ ಮನೆ ನಡೆಸುತ್ತಾಳೆ. ಅಕ್ಕಿಯ ತೆಳು ಹಾಳೆಯಲ್ಲಿ ಸಿಗಡಿ ಸುತ್ತುವುದನ್ನು ಅವಳಿಂದ ಕಲಿತು ಹೋದವರು ದೇಶದೇಶಗಳಲ್ಲಿದ್ದಾರೆ. ಬೆಳಿಗ್ಗೆ ಬಂದ ಮೊದಲ ಗಿರಾಕಿ ವಿಚಾರಿಸಿಕೊಂಡು ಸುಮ್ಮನೆ ಹೋದರೆ, ಅಪಶಕುನ ಕಳೆಯಲೆಂದು ಅಂಗಳದಲ್ಲಿ ಕಾಗದ ಸುಟ್ಟು ಬೆಂಕಿ ದಾಟಿಯೇ ಒಲೆ ಹಚ್ಚುವವಳು. ಅವಳ ತಂಗಿಯ ಮದುವೆಯೂ ಹೀಗೆ ಸೂತಕದಿಂದ ಓಡಿ ಮಾಡಿದ ಮದುವೆಯೇ. ಆ ಗಂಡ ಮುಂದಿನ ಬಿರುಗಾಳಿಯಲ್ಲಿ ದೋಣಿಯೊಂದಿಗೆ ಹೋದ. ಹೆಣದ ಮನೆಯಿಂದ ಹೆಣ್ಣು ತರುವುದಿಲ್ಲ ಎಂದು ಸೆನ್ ಅವತ್ತೇ ಆಣೆ ಇಟ್ಟಿದ್ದಳು. ಅದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಸುಳ್ಳು.

ಥೋವಾ ಕೆಳಗಿಳಿದು, ಹಿತ್ತಿಲಿನ ನೀರಿನ ಹಂಡೆಯ ಬಳಿ ನಿಂತು ಮಗಳಿಗೆ ಫೋನು ಮಾಡಿದಳು. ಲಾಯ್ ಪ್ರವಾಸಿಗರನ್ನು ಸೈಕಲ್ ಮೇಲೆ ಕರೆದುಕೊಂಡು ಚಾ ಕ್ವೆ ಹಳ್ಳಿಯ ಸೊಪ್ಪಿನ ಹೊಲಗಳಿಗೆ ಹೋಗಿದ್ದಳು. ಆ ಕಡೆ ನೀರು ಚಿಮ್ಮುವ ಸದ್ದು, ಯಾರೋ ಕಿಲಕಿಲ ನಗುವ ಸದ್ದು.

"ಅಮ್ಮಾ, ಬೇಗ ಹೇಳು. ಇಲ್ಲೊಬ್ಬ ಮಹಾರಾಯ ಕಾವಡಿ ಹೊತ್ಕೊಂಡು ನೀರು ಹಾಕೋಕೆ ಹೋಗಿ ತುಳಸಿ ಮಡಿ ಮೇಲೇ ಬಿದ್ದಿದಾನೆ."

"ಮಧ್ಯಾಹ್ನದೊಳಗೆ ಮನೆಗೆ ಬಾ. ಬೀಗರು ಬರ್ತಿದಾರೆ. ಇವತ್ತೇ ಮುಗಿಸಿಬಿಡೋಣ ಅಂತ."

"ಏನು ಮುಗಿಸೋದು?"

"ನಿನ್ನ ಮದುವೆ. ಅಜ್ಜಿ ಆಸೆಪಡ್ತಿದಾರೆ."

ಒಂದು ಗಳಿಗೆ ನೀರಿನ ಸದ್ದು ಮಾತ್ರ. "ಅಜ್ಜಿಗೆ ಹುಷಾರಿಲ್ವಾ?"

"ಮಲಗಿದಾರೆ," ಎಂದಳು ಥೋವಾ. ಅದೊಂದು ಮಾತು ನಿಜ ಹೇಳಿದಂತೆಯೇ ಇತ್ತು. "ಬೇಗ ಬಾ ಮಗಾ."

ಫೋನಿಟ್ಟು ಒಳಗೆ ಬರುತ್ತಿದ್ದಂತೆ ಬೀದಿಯಿಂದ ಒಂದು ಕೂಗು ಬಂತು. "ಅಯ್ಯೋ ದೇವ್ರೇ! ಥೋವಕ್ಕಾ! ಯಾರು? ಯಾರು ಹೋದ್ರು?"

ಎದುರುಮನೆಯ ತೀಮ್, ಪ್ರವಾಸಿಗರಿಗೆ ಒಂದೇ ದಿನದಲ್ಲಿ ಬಟ್ಟೆ ಹೊಲಿದುಕೊಡುವವಳು, ಅಳತೆಯ ಟೇಪು ಕೊರಳಲ್ಲೇ ಇರುವಂತೆ ಬೀದಿ ದಾಟಿ ಓಡಿಬರುತ್ತಿದ್ದಳು. ಥೋವಾ ಹೊಸ್ತಿಲಿಗೆ ಬಂದು ತಲೆಯೆತ್ತಿದಳು. ಸೂರಿನಡಿಯ ಕೋಲಿನಲ್ಲಿ ಬಿಳಿಯ ಗೂಡುದೀಪ ತೂಗುತ್ತಿತ್ತು. ಖಾಂಗ್ ಬೈಕು ಹತ್ತಲು ಹೊರಟವನು, ವರ್ಷಗಟ್ಟಲೆ ಮಾಡಿದ ಕೆಲಸವೆಂದು, ಮೇಜಿನ ಮೇಲೆ ಮುಗಿದಿದ್ದದ್ದನ್ನು ಎತ್ತಿ ಒಣಗಲು ಕಟ್ಟಿಹೋಗಿದ್ದ. ಬಣ್ಣ ನೋಡಿರಲಿಲ್ಲ. ಸಾವಿನ ಮನೆಯಲ್ಲದೆ ಯಾವ ಮನೆಯ ಮುಂದೆಯೂ ತೂಗದ ಬಣ್ಣ.

"ಏನೇ ನಿನ್ನ ಬಾಯಿ! ಶುಭ ನುಡಿಯೇ," ಎಂದು ಥೋವಾ ನಗುತ್ತ ಅದನ್ನು ಕಿತ್ತು ತೆಗೆದಳು. "ಈ ಅಮ್ಮ ಮಾಡಿದ್ದು. ಅವರಿಗೆ ಬಿಳಿಯೇ ಬೇಕಂತೆ. ನಮ್ಮನೆಯವರು ನೋಡದೆ ಕಟ್ಟಿಹೋಗಿದಾರೆ."

ತೀಮ್ ಎದೆ ಮೇಲೆ ಕೈಯಿಟ್ಟು ಉಸಿರುಬಿಟ್ಟಳು. ವಯಸ್ಸಾದ ಪ್ರವಾಸಿ ಹೆಂಗಸು ತನ್ನ ದೀಪದ ಮಾತೆಂದು ತಿಳಿದು ಕೈಬೀಸಿದಳು. ತೀಮ್ ಕೂಡ ಕೈಬೀಸಿ, ನಗುತ್ತಲೇ, "ತನ್ನ ಮನೆಗೆ ತಾನೇ ಸಾವು ತಗೊಂಡು ಹೋಗ್ತಾಳಲ್ಲ, ಪಾಪ," ಎಂದಳು.

"ಬಂದದ್ದು ಒಳ್ಳೇದೇ ಆಯ್ತು. ಲಾಯ್‌ದು ಕೆಂಪು ನಿಲುವಂಗಿ ಎಲ್ಲಿಗೆ ಬಂತು?"

"ಮುಂದಿನ ತಿಂಗಳಲ್ವಾ ಅಕ್ಕಾ? ತೋಳು ಇನ್ನೂ ಕೂಡಿಸಿಲ್ಲ."

"ಇವತ್ತು ಬೇಕು. ಮಧ್ಯಾಹ್ನಕ್ಕೆ."

"ಮಧ್ಯಾಹ್ನಕ್ಕಾ! ನಾನೇನು ಮಂತ್ರ ಹಾಕ್ಲಾ?"

"ಬೆಳ್ಳಿಕೂದಲಿನ ಪರದೇಶಿಗೆ ಊಟ ಮುಗಿಸಿ ಬರೋದ್ರೊಳಗೆ ಕೋಟು ಹೊಲೀತೀಯ. ನನ್ನ ಮಗಳಿಗೆ ತೋಳು ಕೂಡಿಸೋಕೆ ಆಗಲ್ವಾ?"

ತೀಮ್ ಕಣ್ಣು ಕಿರಿದಾಗಿಸಿದಳು. "ತೋಳಿನ ಮಾತಲ್ಲ ಅಕ್ಕಾ. ಮೊನ್ನೆ ಸೊಂಟ ಬಿಚ್ಚಿ ಸಡಿಲ ಮಾಡಿದೆ. ಬಾಯಿಬಿಟ್ಟು ಕೇಳಲಿಲ್ಲ. ಟೇಪಿಗೇ ಗೊತ್ತಾಗುತ್ತೆ, ನಂಗೆ ಗೊತ್ತಾಗಲ್ವಾ?" ಅವಳು ಥೋವಾಳ ತೋಳು ಹಿಡಿದು ಮೆಲ್ಲಗೆ ಹಿಸುಕಿದಳು. "ಅದಕ್ಕೇ ತಾನೇ ಈ ಅವಸರ? ಬಿಡಿ, ಯಾರ ಮನೇಲಿ ಆಗಿಲ್ಲ. ನಾ ಹೊಲಿದುಕೊಡ್ತೀನಿ."

ಥೋವಾಳಿಗೆ ಕಣ್ಣಲ್ಲಿ ನೀರು ಬರುವಂತಾಯಿತು. ಇಷ್ಟಕ್ಕೇ ಮುಗಿದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಒಳಗಿನಿಂದ ಬೆಕ್ಕು ಅರಚತೊಡಗಿತು, ಕಲ್ಲು ಹೇರಿದ ಬುಟ್ಟಿಯನ್ನು ಪರಚಿ ಪರಚಿ, ಮಗು ಅಳುವ ಹಾಗೆ.

"ಏನದು?" ಎಂದು ತೀಮ್ ಕತ್ತು ಚಾಚಿದಳು. ಬುಟ್ಟಿ ಕಂಡಿತು. ಮೇಲಿನ ಒರಳುಕಲ್ಲು ಕಂಡಿತು. ನಗು ಅವಳ ಮುಖದಲ್ಲೇ ಇತ್ತು, ಆದರೆ ಅದರ ಹಿಂದಿನ ಬಣ್ಣ ಇಳಿದುಹೋಯಿತು.

"ಬೆಕ್ಕನ್ನ ಯಾಕೆ ಮುಚ್ಚಿ ಹಾಕಿದೀರಿ ಅಕ್ಕಾ?"

"ಅಂಟಿಗೆ ಬಾಯಿ ಹಾಕುತ್ತೆ."

"ಇಷ್ಟು ವರ್ಷ ಹಾಕ್ಲಿಲ್ಲ."

ಹೆಣವಿರುವ ಮನೆಯಲ್ಲಿ ಬೆಕ್ಕನ್ನು ಬಿಡುವುದಿಲ್ಲ. ಅದು ದಾಟಿದರೆ ಹೆಣ ಎದ್ದು ಕೂರುತ್ತದೆ. ಈ ಬೀದಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಮಾತು. ಪ್ರವಾಸಿಗರ ಕಣ್ಣಿಗೆ ಬುಟ್ಟಿ ಬುಟ್ಟಿಯಾಗಿಯೇ ಕಂಡಿತ್ತು. ಥೋವಾ ಜಗತ್ತಿಗೆಲ್ಲ ಹೆದರಿ ಹೆಣದ ಮೇಲೆ ಹೊದಿಕೆ ಹೊದೆಸಿದವಳು, ಬುಟ್ಟಿಯ ಮೇಲೊಂದು ಬಟ್ಟೆ ಹಾಕುವುದನ್ನು ಮರೆತಿದ್ದಳು.

ತೀಮ್‌ಳ ಬಾಯಿ ತೆರೆಯಿತು. ಥೋವಾ ಅದರ ಮೇಲೆ ಕೈಯಿಟ್ಟಳು. ಅಂಟು ಮೆತ್ತಿದ್ದ ಕೈ. ಇಬ್ಬರು ಹೆಂಗಸರು ಹಾಗೇ ನಿಂತರು, ಬೀದಿಯಲ್ಲಿ ಸೈಕಲ್ ಗಾಡಿಗಳು ಗಂಟೆ ಬಾರಿಸುತ್ತ ಹೋದವು.

"ಅಳಬೇಡ," ಎಂದಳು ಥೋವಾ. "ನಿನ್ನ ಕಾಲಿಗೆ ಬೀಳ್ತೀನಿ. ಅಳಬೇಡ, ಕೂಗಬೇಡ, ಯಾರಿಗೂ ಹೇಳಬೇಡ. ಸಂಜೆವರೆಗೆ."

ತೀಮ್ ತಲೆಯಾಡಿಸಿದಳು. ಕೈ ತೆಗೆದ ಮೇಲೆ ತುಟಿಗೆ ಹತ್ತಿದ ಅಂಟನ್ನು ಒರೆಸಿಕೊಳ್ಳುತ್ತ, "ಅಜ್ಜಿ ನಂಗೆ ಸೂಜಿ ಹಿಡಿಯೋದು ಕಲಿಸಿದ್ರು," ಎಂದಷ್ಟೇ ಹೇಳಿ, ಬೀದಿ ದಾಟಿ ಹೋದಳು. ಅವಳ ಹೊಲಿಗೆ ಯಂತ್ರದ ಸದ್ದು ಆಗಲೇ ಶುರುವಾಯಿತು. ಥೋವಾ ಆ ಸದ್ದನ್ನು ನಂಬಿದಳು.

ಮೇಜಿನ ಮೇಲೆ ಎಲ್ಲರ ದೀಪಗಳೂ ಮುಗಿದಿದ್ದವು. ಇನ್ನು ಕುಚ್ಚು ಕಟ್ಟಬೇಕು, ಅಂಟು ಆರಬೇಕು, ಅಲ್ಲಿಯವರೆಗೆ ಚಹಾ. ಥೋವಾ ಚಹಾ ಸುರಿದಳು. ನೀಲಿ ದೀಪದ ಹೆಂಡತಿ, "ಅಜ್ಜಿಯೊಬ್ಬರು ಇದ್ದಾರೆ, ಅವರೇ ಎಲ್ಲರಿಗೂ ಕಲಿಸಿದ್ದು ಅಂತ ಓದಿದ್ದೆ. ನೋಡಬಹುದಾ?" ಎಂದು ಕೇಳಿದಳು.

"ನಿದ್ದೆ ಮಾಡ್ತಿದಾರೆ."

"ಏಳೋವರೆಗೆ ಕಾಯ್ತೀವಿ, ಪರವಾಗಿಲ್ಲ."

ಥೋವಾ ಬಟ್ಟಲು ಕೆಳಗಿಟ್ಟಳು. ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಬಿದಿರು ಬಗ್ಗಿಸಲು ಹೋಗಿ ದಿನವೂ ಮುರಿಯುತ್ತಿದ್ದಳು. ಮುದುಕಿ ಬೈಯುತ್ತಿರಲಿಲ್ಲ. ಮುರಿದದ್ದನ್ನೆಲ್ಲ ಒಟ್ಟುಮಾಡಿ ಅದೇ ಕಡ್ಡಿಗಳನ್ನು ಒಲೆಗಿಟ್ಟು ಅನ್ನ ಬೇಯಿಸಿ, "ತಿನ್ನು, ನಿನ್ನ ಇವತ್ತಿನ ದುಡಿಮೆ," ಎಂದು ಬಡಿಸುತ್ತಿದ್ದಳು. ಈಗ ಮೇಲೆ ಒಬ್ಬಳೇ, ಫ್ಯಾನಿಲ್ಲ, ದೀಪವಿಲ್ಲ, ಒಂದು ಊದುಬತ್ತಿ ಕೂಡ ಇಲ್ಲ. ಸಂಜೆಗೆ ಎಲ್ಲ ಕೊಡುತ್ತೇನೆ ಎಂದು ಥೋವಾ ಮನಸ್ಸಿನಲ್ಲೇ ಹೇಳಿಕೊಂಡಳು. ಸಂಜೆಗೆ ಈ ಬೀದಿ ಕೇಳುವ ಹಾಗೆ ಅಳುತ್ತೇನೆ.

ಬೈಕು ಬಂದು ನಿಂತಿತು. ಖಾಂಗ್ ಹೆಲ್ಮೆಟ್ ತೆಗೆಯದೆಯೇ ಒಳಗೆ ಬಂದ.

"ಗೊತ್ತಾಗ್ಹೋಯ್ತು," ಎಂದ.

"ಏನು?"

"ಎಲ್ಲ. ಉಸಿರು ಮೇಲೆ ಕೆಳಗೆ ಆಗ್ತಿದೆ ಅಂತ ನಾನು ಹೇಳ್ತಾ ನಿಂತಿದೀನಿ, ಅವರ ಫೋನು ಬಡ್ಕೊಳ್ತು. ತೀಮ್. ಇಬ್ಬರೂ ದೂರದ ಅಕ್ಕತಂಗಿಯರಲ್ವಾ. ಸೆನ್ ಅಕ್ಕ ಕೇಳಿಸ್ಕೊಂಡು, ಫೋನಿಟ್ಟು, ಏನಂದ್ರು ಗೊತ್ತಾ? ಹೆಲ್ಮೆಟ್ ತೆಗೀರಿ ಬೀಗರೇ, ತಾಯಿ ಹೋದೋರು ಹೀಗೆ ನಿಲ್ಲಬಾರದು ಅಂದ್ರು."

ಥೋವಾ ಎದುರುಮನೆಯತ್ತ ನೋಡಿದಳು. ತೀಮ್ ಯಂತ್ರದಿಂದ ತಲೆಯೆತ್ತಲಿಲ್ಲ. ಕೆಂಪು ಬಟ್ಟೆ ಅವಳ ಬೆರಳುಗಳಡಿ ಹರಿಯುತ್ತಲೇ ಇತ್ತು.

"ಹಂಗಾದ್ರೆ ಬರಲ್ವಾ?"

"ಬರ್ತಿದಾರೆ. ಹೊಟ್ಟೆ ವಿಷಯಾನೂ ಹೇಳ್ಬಿಟ್ಟಿದಾಳೆ ಅವಳು. ಅದಕ್ಕೇ ಬರ್ತಿದಾರೆ. ಆದ್ರೆ ಮೊದಲು ಮಾತಾಡ್ಬೇಕಂತೆ."

ಸೆನ್ ಬಂದಳು. ಕಡುನೇರಳೆ ನಿಲುವಂಗಿ ತೊಟ್ಟು, ಹಿಂದೆ ಮಗ ವಿನ್‌ನನ್ನು ಕರೆದುಕೊಂಡು. ವಿನ್ ಬೆಳಗಿನಿಂದ ನೀರಲ್ಲೇ ಬೆಳೆಯುವ ನೀರುತೆಂಗಿನ ಗಿಡಗಳ ನಡುವಿನ ಕಾಲುವೆಯಲ್ಲಿ ಬುಟ್ಟಿದೋಣಿ ಗಿರಗಿರನೆ ತಿರುಗಿಸಿ ಪ್ರವಾಸಿಗರನ್ನು ಕಿರುಚಿಸಿ ಬಂದವನು. ಅವಸರದಲ್ಲಿ ಸುತ್ತಿದ ನೀಲಿ ಮುಂಡಾಸಿನಡಿ ಕೂದಲು ಇನ್ನೂ ಒದ್ದೆಯಾಗಿತ್ತು. ಅವನ ಕೈಯಲ್ಲಿ ಕೆಂಪು ಬಟ್ಟೆ ಮುಚ್ಚಿದ ವೀಳ್ಯದಡಿಕೆಯ ತಟ್ಟೆ.

ಪ್ರವಾಸಿಗರು ಎದ್ದು ನಿಂತರು. ಎತ್ತರದ ಗಂಡಸು ಮೆಲ್ಲಗೆ, "ಇದೂ ಪಾಠದಲ್ಲಿ ಸೇರಿದೆಯಾ?" ಎಂದು ಕೇಳಿದ.

"ಸೇರಿದೆ," ಎಂದ ಖಾಂಗ್.

ಸೆನ್ ಥೋವಾಳನ್ನು ಕಿಂಡಿಯಿಂದ ದೂರ, ಹಿರಿಯರ ಪೀಠದ ಪಕ್ಕಕ್ಕೆ ಕರೆದುಕೊಂಡು ಹೋದಳು. ಮೇಲೆ ನೋಡಲಿಲ್ಲ. ಒಮ್ಮೆಯೂ ನೋಡಲಿಲ್ಲ.

"ಬೀಗರೇ, ನನ್ನ ಆಣೆ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಆದ್ರೂ ಸುಳ್ಳು ಹೇಳಿ ಕಳಿಸಿದ್ರಿ."

"ಹೌದಕ್ಕಾ. ಬೇಕಾದ್ರೆ ಇನ್ನೂ ನೂರು ಹೇಳ್ತೀನಿ. ನನ್ನ ಮಗಳನ್ನ ಈ ಬೀದಿ ಬಾಯಿಗೆ ಹಾಕ್ಲಾ?"

ಸೆನ್ ಮಗನತ್ತ ನೋಡಿದಳು. ಅವಳೇನೂ ಕೆಟ್ಟ ಹೆಂಗಸಲ್ಲ. "ಅದು ನನ್ನ ಮಗನದ್ದೂ ಹೌದಲ್ಲ," ಎಂದಳು. "ಆಣೆ ಮುರೀತೀನಿ. ಆದ್ರೆ ಹೊಟ್ಟೇಲಿರೋ ಕೂಸಿಗೆ ಹೆಣದ ತಣ್ಣನೆ ಗಾಳಿ ತಾಗಬಾರದು. ಅವಳು ಮೇಲೆ ಹತ್ತಬಾರದು. ಮುಖ ನೋಡಬಾರದು. ಬಿಳಿ ಸುತ್ತಬಾರದು, ಪೆಟ್ಟಿಗೆ ಹಿಂದೆ ನಡೀಬಾರದು. ತಟ್ಟೆ ಇಳಿಸಿ ನಮಸ್ಕಾರ ಆಗ್ತಿದ್ದಂಗೇ ನಾನು ಕರ್ಕೊಂಡು ಹೊರಡ್ತೀನಿ. ನೂರನೇ ದಿನದ ಎಡೆ ಆಗೋವರೆಗೆ ಅವಳು ಈ ಹೊಸ್ತಿಲು ತುಳಿಯೋ ಹಾಗಿಲ್ಲ."

"ಆಯ್ತು," ಎಂದಳು ಥೋವಾ.

"ಅವಳನ್ನ ಕೇಳೋದಿಲ್ವಾ?" ಎಂದಳು ಸೆನ್.

"ನಾನು ತಾಯಿ. ಆಯ್ತು ಅಂದೆನಲ್ಲ."

"ಥೋವಾ," ಎಂದ ಖಾಂಗ್. ಅವನು ಅಷ್ಟೇ ಹೇಳಿದ್ದು.

ಸೈಕಲ್ ಗೋಡೆಗೊರಗಿದ ಸದ್ದು ಕೇಳಿತು. ಲಾಯ್ ಒಳಗೆ ಬಂದಳು, ಮೊಣಕಾಲವರೆಗೆ ಕೆಸರು, ಬೆನ್ನ ಮೇಲೆ ಜೋತ ಗರಿಯ ಟೋಪಿ, ಕೈಯಲ್ಲೊಂದು ಕಟ್ಟು ಹಸಿ ಪುದೀನ. ಸೆನ್‌ಳನ್ನು, ತಟ್ಟೆಯನ್ನು, ಮುಂಡಾಸು ಸುತ್ತಿದ ವಿನ್‌ನನ್ನು ನೋಡಿ ಅವಳಿಗೆ ನಗು ಬಂತು. "ಏಯ್, ಮದುಮಗ! ಕಿವಿ ತೊಳ್ಕೊಂಡಿದೀಯೋ ಇಲ್ವೋ?" ಎಂದಳು. ವಿನ್ ನಗಲಿಲ್ಲ. ನೆಲ ನೋಡಿದ.

"ಅಜ್ಜಿಗೆ ಸೊಪ್ಪು ತಂದೆ. ಗಂಜಿಗೆ ಹಾಕೋಕೆ," ಎಂದು ಲಾಯ್ ಮೆಟ್ಟಿಲ ಕಡೆ ಹೊರಟಳು.

ಥೋವಾ ಅಡ್ಡ ಬಂದಳು. "ಆಮೇಲೆ ಹತ್ತಿದ್ರಾಯ್ತು. ತೀಮ್ ಮನೇಲಿ ನಿಲುವಂಗಿ ಇದೆ, ಹೋಗಿ ಹಾಕ್ಕೊಂಡು ಬಾ. ಕಾಲು ತೊಳಿ ಮೊದಲು."

"ಒಂದ್ಸಲ ಮುಖ ತೋರಿಸಿ ಬರ್ತೀನಿ. ನನ್ನ ಮದುವೆ ಅಂತ ತಾನೇ ಕಾಯ್ತಿರೋದು?"

"ನಿದ್ದೆ ಮಾಡ್ತಿದಾರೆ ಅಂದೆನಲ್ಲ!"

ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಚಹಾ ಕುಡಿಯುತ್ತಿದ್ದವರು ಬಟ್ಟಲು ಹಿಡಿದುಕೊಂಡೇ ತಿರುಗಿದರು. ಲಾಯ್ ತಾಯಿಯ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಖಾಂಗ್ ಮುಖ ತಪ್ಪಿಸಿ ಗೋಡೆ ಕಡೆ ತಿರುಗಿಕೊಂಡ.

"ಸುಳ್ಳು ಹೇಳಿ ಸೊಸೆ ಕರ್ಕೊಂಡು ಹೋಗೋದು ನಂಗೆ ಬೇಡ," ಎಂದಳು ಸೆನ್. "ಅಜ್ಜಿ ಹೋದ್ರು ಮಗಳೇ. ಬೆಳಿಗ್ಗೆನೇ."

ಪುದೀನದ ಕಟ್ಟು ಲಾಯ್‌ಳ ಕೈಯಲ್ಲೇ ಇತ್ತು. ಅವಳು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು, ಹಸಿರು ವಾಸನೆ ಕೋಣೆಗೆಲ್ಲ ಹರಡಿತು. ಬಾಯಿ ತೆರೆದಳು.

"ಅಳಬೇಡ," ಎಂದು ಥೋವಾ ಅವಳ ಎರಡೂ ಭುಜ ಹಿಡಿದಳು. "ಅಳಬೇಡ ಮಗಾ, ನಿನ್ನ ದಮ್ಮಯ್ಯ. ಒಂದು ಗಳಿಗೆ. ತಟ್ಟೆ ಇಳಿಸಿ, ಪೀಠದ ಮುಂದೆ ಒಂದು ನಮಸ್ಕಾರ ಮಾಡಿಬಿಡು. ಆಮೇಲೆ ನಾನು ಅಳ್ತೀನಿ, ನಿನ್ನ ಪಾಲಿಂದೂ ಸೇರಿಸಿ ಅಳ್ತೀನಿ. ನಿಂಗೆ ಗೊತ್ತಿಲ್ವಾ ಯಾಕೆ ಅಂತ? ನಿನ್ನ ಹೊಟ್ಟೇಲಿರೋ ಕೂಸಿಗೋಸ್ಕರ ತಾನೇ?"

"ಮೇಲೆ ಯಾರಿದಾರೆ?"

"ಏನು?"

"ಅಜ್ಜಿ ಪಕ್ಕ. ಯಾರು ಕೂತಿದಾರೆ?"

ಥೋವಾ ಭುಜದ ಹಿಡಿತ ಬಿಗಿ ಮಾಡಿದಳು.

"ಬೆಳಿಗ್ಗೆಯಿಂದ ಒಬ್ಬರೇ ಇದಾರಾ?" ಅವಳ ದನಿ ಏರಲಿಲ್ಲ, ಅದೇ ಥೋವಾಳನ್ನು ಹೆದರಿಸಿತು. "ಇಲ್ಲಿ ಕೆಳಗೆ ಇವರಿಗೆ ಚಹಾ ಕೊಡ್ತಾ ಇದ್ರಾ?"

"ನಿನಗೋಸ್ಕರ—"

"ಬಿಡಮ್ಮಾ. ನಾನು ಹತ್ತಬೇಕು."

"ಹತ್ತಿದ್ರೆ ಇವರು ಹೊರಟುಹೋಗ್ತಾರೆ," ಎಂದಳು ಥೋವಾ. ಮೆಟ್ಟಿಲಿನ ಕಂಬವನ್ನು ಬೆನ್ನಿನಿಂದ ಒತ್ತಿ ಹಿಡಿದು, ಮಗಳ ಕಣ್ಣಲ್ಲಿ ಕಣ್ಣಿಟ್ಟು, ಬೇಡುವ ದನಿಯಲ್ಲಿ ಸೆನ್ ಹೇಳಿದ್ದನ್ನೆಲ್ಲ ಹೇಳಿದಳು. ಮೇಲೆ ಹತ್ತುವಂತಿಲ್ಲ, ಮುಖ ನೋಡುವಂತಿಲ್ಲ, ಪೆಟ್ಟಿಗೆಯ ಹಿಂದೆ ನಡೆಯುವಂತಿಲ್ಲ. "ನಾನು ಒಪ್ಕೊಂಡಿದೀನಿ. ನೀನೂ ಒಪ್ಕೋ. ಸತ್ತೋರಿಗೆ ನಾವು ಏನು ಮಾಡಿದ್ರೂ ಅಷ್ಟೇ. ಇರೋರು ಬದುಕ್ಬೇಕಲ್ಲ."

"ಒಂದು ವರ್ಷ ಕಾಯ್ತೀನಿ ನಾನು," ಎಂದ ವಿನ್ ಇದ್ದಕ್ಕಿದ್ದಂತೆ. "ಅವಳು ಹತ್ತಲಿ ಅಮ್ಮಾ. ವರ್ಷ ಕಳೀಲಿ, ಆಮೇಲೆ—"

"ಸುಮ್ನಿರೋ," ಎಂದಳು ಸೆನ್. "ವರ್ಷ ಕಳೆದ ಮೇಲೆ ಕಂಕುಳಲ್ಲಿ ಮಗು ಎತ್ಕೊಂಡು ಬರೋ ಮದುಮಗಳನ್ನ ನಾನು ಯಾವ ಮುಖದಿಂದ ಹಿರಿಯರ ಮುಂದೆ ನಿಲ್ಲಿಸ್ಲಿ? ಇವತ್ತು, ಇಲ್ಲಾಂದ್ರೆ ಇಲ್ಲ."

ಖಾಂಗ್ ಗೋಡೆಗೆ ಹಣೆ ಕೊಟ್ಟು ನಿಂತಿದ್ದ. ಅವನ ಭುಜಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಎತ್ತರದ ಗಂಡಸು ಫೋನು ಎತ್ತಿದ. ವಯಸ್ಸಾದ ಹೆಂಗಸು ಅವನ ಕೈ ಹಿಡಿದು ಕೆಳಗಿಳಿಸಿದಳು. ಅವಳಿಗೇನು ಅರ್ಥವಾಯಿತೋ, ತನ್ನ ಚೀಲವನ್ನು ಸದ್ದಾಗದಂತೆ ಎತ್ತಿಕೊಂಡು ಬಾಗಿಲ ಕಡೆ ಸರಿದಳು. ಉಳಿದಿಬ್ಬರೂ ಹಿಂದೆ ಹೋದರು.

ಸೆನ್ ತನ್ನ ಒಳಚೀಲದಿಂದ ಒಂದು ಪುಟ್ಟ ಕೆಂಪು ಪೆಟ್ಟಿಗೆ ತೆಗೆದು ಬಿಚ್ಚಿದಳು. ಅತ್ತೆ ತನ್ನ ಕೈಯಾರೆ ಸೊಸೆಯ ಕಿವಿಗೆ ಹಾಕುವ ಚಿನ್ನದ ಓಲೆ. ಅದು ಕಿವಿ ಸೇರಿತೆಂದರೆ ಹುಡುಗಿ ಆ ಮನೆಯವಳು. "ಇದನ್ನ ನಮ್ಮತ್ತೆ ನಂಗೆ ಹಾಕಿದ್ದು," ಎಂದಳು, ದನಿ ಮೆತ್ತಗಾಗಿತ್ತು. "ನಾನು ನಿನಗೇನೂ ಕಡಿಮೆ ಮಾಡಲ್ಲ ಕಂದಾ. ನಿನ್ನ ಕೂಸಿಗೂ ಮಾಡಲ್ಲ. ಬಾ, ಕಿವಿ ಕೊಡು."

ಥೋವಾ ಮಗಳ ಕೆನ್ನೆಯ ಮೇಲಿನ ಕೂದಲನ್ನು ತಾನೇ ಹಿಂದಕ್ಕೆ ಸರಿಸಿ ಕಿವಿ ಬಿಡಿಸಿದಳು. ಸೆನ್‌ಳ ಕೈ ಓಲೆ ಹಿಡಿದು ಹತ್ತಿರ ಬಂತು.

ಲಾಯ್ ಆ ಕೈಯನ್ನು ಮಣಿಕಟ್ಟಿನ ಬಳಿ ಹಿಡಿದು ನಿಲ್ಲಿಸಿದಳು.

"ಬೇಡ," ಎಂದಳು. "ನಾನು ಹಾಕ್ಕೊಳ್ಳಲ್ಲ."